ಒಂಬತ್ತು ಲೀಟರ್ ಸೂರ್ಯ

ನಮ್ಮ ಬೀದಿಯಲ್ಲಿ ಸೋಲಾರ್ ಇಲ್ಲದ ತಾರಸಿ ಎಂದರೆ ನಮ್ಮದೊಂದೇ ಆಗಿತ್ತು. 2007ರಲ್ಲಿ ಸರ್ಕಾರ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡುವ ಹೊತ್ತಿಗೆ ನಮ್ಮ ಮನೆಗೆ ಎರಡನೇ ಸಲದ ಸುಣ್ಣಬಣ್ಣವೂ ಮುಗಿದಿತ್ತು. ಕಾನೂನು ನಮ್ಮನ್ನು ಮುಟ್ಟಲಿಲ್ಲ. ಸೋಲಾರ್ ಇದ್ದವರಿಗೆ ಬೆಸ್ಕಾಂ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ಬಿಡುತ್ತಿದ್ದ ಕಾಲದಲ್ಲೂ ನಾವು ಜಗ್ಗಲಿಲ್ಲ. ಕೊನೆಗೆ ಗೀಸರಿನ ಕಾಯಿಲ್ ಸುಟ್ಟು, ಫ್ಯೂಸ್ ಹಾರಿ, ಅತ್ತೆಯ ಧಾರಾವಾಹಿ ಅರ್ಧಕ್ಕೇ ನಿಂತ ಮೇಲೆ ಸೋಲಾರ್ ಮಾರುವ ಹುಡುಗನನ್ನು ಕರೆಸಿದ್ದಾಯಿತು.

ಹುಡುಗ ಕಾಫಿ ಕುಡಿದು, ಲೋಟ ಕೆಳಗಿಟ್ಟು, "ಸಾರ್ ಇದಾರಾ ಮೇಡಂ? ಸ್ವಲ್ಪ ಟೆಕ್ನಿಕಲ್ ಮಾತಾಡ್ಬೇಕಿತ್ತು" ಅಂದ. ಸಾರ್ ಇದ್ದರು. ಒಳಗೆ ಸುಡೊಕು ತುಂಬುತ್ತ ಕೂತಿದ್ದರು. ಬಲ್ಬು ಹೋದರೂ ಪಕ್ಕದ ಮನೆಯವರನ್ನು ಕರೆಯುವ ಸಾರ್ ಅವರು. ಹೈಸ್ಕೂಲು ಮಕ್ಕಳಿಗೆ ಭೌತಶಾಸ್ತ್ರ ಹೇಳಿ ಹೇಳಿ ಗಂಟಲು ಹರಿದುಕೊಂಡವಳು ಅವನ ಎದುರಿಗೇ ಕೂತಿದ್ದಳು. "ಟ್ಯಾಂಕು ಯಾಕಪ್ಪ ಪ್ಯಾನೆಲ್‌ಗಿಂತ ಮೇಲಿರಬೇಕು?" ಎಂದು ಕೇಳಿದೆ. "ಕಂಪನಿ ಡಿಸೈನ್ ಮೇಡಂ" ಎಂದ. ಕಾದ ನೀರು ಹಗುರಾಗಿ ತಾನೇ ಮೇಲೇರುತ್ತದೆ, ತಣ್ಣೀರು ಕೆಳಗಿಳಿದು ಅದರ ಜಾಗ ಹಿಡಿಯುತ್ತದೆ, ಹಾಗಾಗಿ ಪಂಪೇ ಬೇಡ. ಬೆಂಗಳೂರು ಸಮಭಾಜಕದಿಂದ 13 ಡಿಗ್ರಿ ಉತ್ತರಕ್ಕಿರುವುದರಿಂದ ಪ್ಯಾನೆಲ್ ತೆಂಕಣ ದಿಕ್ಕಿಗೆ ಮುಖ ಮಾಡಬೇಕು ಎಂದು ಒಂದು ಪೀರಿಯಡ್ ಪೂರ್ತಿ ಪಾಠ ಮಾಡಿದೆ. ಕೈಕಟ್ಟಿ ಕೇಳಿಸಿಕೊಂಡು, "ಸಾರ್ ಬಂದ್ರೆ ರೇಟ್ ಹೇಳ್ಬಿಡ್ತೀನಿ" ಎಂದ.

ರೇಟು ಕೇಳಿ ಸಾರ್ ಅವರ ಪೆನ್ಸಿಲ್ ಕೆಳಗೆ ಬಿತ್ತು. "ಬಿಸಿಲು ಪುಕ್ಕಟೆ ತಾನೇ? ಅಷ್ಟು ದುಡ್ಡು ಯಾವುದಕ್ಕೆ?" ಎಂದು ನಾನು. "ನೀರು ಬೆಳಿಗ್ಗೆವರೆಗೂ ಬಿಸಿ ಇರುತ್ತೆ ಮೇಡಂ" ಎಂದು ಅವನು. ಆ ಮಾತನ್ನು ಕಿವಿಗೇ ಹಾಕಿಕೊಳ್ಳದೆ ಅವನನ್ನು ಗೇಟಿನವರೆಗೆ ಬಿಟ್ಟು ಬಂದೆ.

ಲೆಕ್ಕ ನೀರಿನಷ್ಟೇ ತಿಳಿಯಾಗಿತ್ತು. 20 ಲೀಟರಿನ ಬಕೆಟ್ಟನ್ನು 20 ಡಿಗ್ರಿಯಿಂದ 42ಕ್ಕೆ ಏರಿಸಲು ಬೇಕಾದದ್ದು ಅರ್ಧ ಯೂನಿಟ್ ಕರೆಂಟಿನ ಶಾಖ. ನಡುಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ ಸುಮಾರು ಒಂದು ಕಿಲೋವ್ಯಾಟ್ ಸುರಿಯುತ್ತದೆ. ಅರ್ಧ ಗಂಟೆಗೆ ಒಂದು ಬಕೆಟ್! ಊರಿನಲ್ಲಿ ಅಣ್ಣ ಅಡಿಕೆ ತೋಟಕ್ಕೆ ತಂದು ಉಳಿಸಿದ್ದ 16 ಎಂ.ಎಂ. ಡ್ರಿಪ್ ಪೈಪು, ಇನ್ನೂ ತೂತು ಹೊಡೆಯದ್ದು, 60 ಮೀಟರ್, ಬಸ್ಸಿನ ಡಿಕ್ಕಿಯಲ್ಲಿ ಬಂತು. ಅತ್ತೆ ಸಂಡಿಗೆ ಒಣಗಿಸುವ ಜಾಗವನ್ನು ಆಕ್ರಮಿಸಿ, ಅದನ್ನು ಚಕ್ಕುಲಿಯ ಹಾಗೆ ಸುತ್ತಿ ಮಲಗಿಸಿದೆ. ಒಂದು ತುದಿ ಸಿಂಟೆಕ್ಸ್ ಟ್ಯಾಂಕಿಗೆ, ಇನ್ನೊಂದು ತುದಿ ಬಚ್ಚಲಿನ ಷವರಿಗೆ, ನಡುವೆ ಒಂದು ವಾಲ್ವ್.

ರಥಸಪ್ತಮಿ ಕಳೆದ ಮೊದಲ ಶುಕ್ರವಾರ, ಮಧ್ಯಾಹ್ನ ಹನ್ನೆರಡೂವರೆಗೆ ಮುಹೂರ್ತ. ಸಾಮಾನ್ಯ ಸ್ನಾನವಲ್ಲ, ಎಣ್ಣೆಸ್ನಾನ. ನೆತ್ತಿಗೆ ಹರಳೆಣ್ಣೆ ಧಾರಾಳವಾಗಿ ತಟ್ಟಿಕೊಂಡಿದ್ದೆ. "ಸೂರ್ಯ ನೆತ್ತಿಗೆ ಬಂದ ಮೇಲೆ ಮೀಯೋದು ಎಂಥ ಪದ್ಧತಿಯೇ ಮಾರಾಯ್ತಿ?" ಎಂದರು ತೀರ್ಥಹಳ್ಳಿ ಕಡೆಯ ನಮ್ಮತ್ತೆ. "ಬೆಳಿಗ್ಗೆ ಅವನಿಗೇ ಬಿಸಿ ಇರಲ್ವಲ್ಲ ಅತ್ತೆ" ಎಂದೆ. ಇವರನ್ನು, ಅಂದರೆ ಸಾರ್ ಅವರನ್ನು, ತಾರಸಿಯಲ್ಲಿ ವಾಲ್ವಿನ ಪಕ್ಕ ಕೊಡೆ ಕೊಟ್ಟು ನಿಲ್ಲಿಸಿದ್ದೆ.

ಷವರ್ ತಿರುಗಿಸಿದೆ. ಮೊದಲು ಗೋಡೆಯೊಳಗಿನ ಪೈಪಿನ ತಣ್ಣೀರು. ಅದರ ಬೆನ್ನಿಗೇ ಬಂತು ನೋಡಿ, ಹೊಸ ಪ್ಲಾಸ್ಟಿಕ್ಕಿನ ವಾಸನೆ ಬೆರೆತ, ಬೆನ್ನು ಚುರುಗುಟ್ಟಿಸುವ ಬಿಸಿನೀರು!

"ರೀ, ಬಂತು!"

"ಏನು ಬಂತೇ?"

"ಸೂರ್ಯ!"

ಕೂದಲು ನೆನೆಸಿ, ಷವರ್ ನಿಲ್ಲಿಸಿ, ಸೀಗೆಪುಡಿ ಹಾಕಿ ಗಸಗಸ ತಿಕ್ಕಿ, ಕಣ್ಣು ಮುಚ್ಚಿಕೊಂಡೇ ಮತ್ತೆ ತಿರುಗಿಸಿದೆ. ಒಂದು ಗುಟುಕು ಬಿಸಿ, ಆಮೇಲೆ ಸಿಂಟೆಕ್ಸಿನ ತಣ್ಣೀರು. ಪೈಪಿನ ಒಳವ್ಯಾಸ ಹೆಚ್ಚುಕಡಿಮೆ 14 ಎಂ.ಎಂ., ಉದ್ದ 60 ಮೀಟರ್. ಪೈ ಆರ್ ಸ್ಕ್ವೇರ್ ಎಚ್. ಹಿಡಿಯುವ ನೀರು 9 ಲೀಟರ್. ಈ ಸೂತ್ರಕ್ಕಾಗಿ ಎಷ್ಟು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆನೋ, ಅವರೆಲ್ಲರೂ ಆ ಬಚ್ಚಲಿನ ಕಿಟಕಿಯಲ್ಲಿ ಇಣುಕಿ ನಕ್ಕಂತಾಯಿತು.

"ಗ್ಯಾಸಿನ ಮೇಲೆ ಒಂದು ತಪಲೆ ನೀರು ಇಡ್ಲನೇ?" ಬಾಗಿಲಾಚೆ ಅತ್ತೆ.

"ಬೇಡ. ಅರ್ಧ ಗಂಟೆಯಲ್ಲಿ ಮತ್ತೆ ಒಂಬತ್ತು ಲೀಟರ್ ಕಾಯುತ್ತೆ."

ವಿಜ್ಞಾನದ ಮರ್ಯಾದೆಯ ಪ್ರಶ್ನೆ. ಟವೆಲ್ ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತೆ. ತಲೆಯ ಸೀಗೆ ಒಣಗಿ ಬಿರಿಯತೊಡಗಿತು. ಹಣೆಯಿಂದ ಒಂದು ಹನಿ ಹೊರಟು, ಹುಬ್ಬಿನಲ್ಲಿ ತಂಗಿ, ಯೋಚಿಸಿ, ಸೀದಾ ಎಡಗಣ್ಣಿಗೇ ಇಳಿಯಿತು. ಅಷ್ಟರಲ್ಲಿ ತಾರಸಿಯಿಂದ ವರದಿ.

"ಮೋಡ ಬಂತು ಕಣೇ!"

"ಎಷ್ಟು ದೊಡ್ಡದು?"

"ಒಂದು ಸೈಟಿನಷ್ಟು."

"ಥರ್ಟಿ-ಫಾರ್ಟಿಯಾ, ಫಾರ್ಟಿ-ಸಿಕ್ಸ್ಟಿಯಾ?"

ಸ್ವಲ್ಪ ಹೊತ್ತು ಸದ್ದಿಲ್ಲ. ಕೊಡೆ ಸರಿಸಿ ಅಳೆಯುತ್ತಿದ್ದರೇನೋ. "ಕಾರ್ನರ್ ಸೈಟು" ಎಂದರು.

ಪಕ್ಕದ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದಾಕೆ, "ಯಾರ ಹತ್ರ ಮಾತಾಡ್ತಿದೀರ ಸಾರ್?" ಎಂದದ್ದು ವೆಂಟಿಲೇಟರಿನಿಂದ ಸ್ಪಷ್ಟವಾಗಿ ಕೇಳಿಸಿತು.

"ನಮ್ಮ ಮನೆಯವರು ಸ್ನಾನ ಮಾಡ್ತಿದಾರೆ."

"ಯಾವಾಗಿಂದ?"

"ಮೋಡ ಹೋದ್ಮೇಲೆ ಮುಗಿಯುತ್ತೆ."

ಮುಗಿಯಲಿಲ್ಲ. ಎರಡನೇ ಒಂಬತ್ತು ಲೀಟರಿಗೆ ಸೀಗೆ ಹೋಯಿತು, ಎಣ್ಣೆ ಉಳಿಯಿತು. ಮೂರನೇ ಕಂತು ಬೀಳುವಷ್ಟರಲ್ಲಿ ಒಲೆಯ ಮೇಲಿನ ಹುಳಿ ಆರಿತ್ತು, ಇವರ ಕತ್ತಿನ ಹಿಂಭಾಗ ಬಿಸಿಲಿಗೆ ಕೆಂಪಾಗಿತ್ತು. ಆದರೆ ಗ್ಯಾಸು ಹೊತ್ತಿಸಲಿಲ್ಲ, ಸ್ವಿಚ್ಚು ಒತ್ತಲಿಲ್ಲ. ಪೂರ್ತಿ ಸೂರ್ಯನ ಬಿಸಿಯಲ್ಲೇ ಎಣ್ಣೆಸ್ನಾನ ಮುಗಿಸಿದ ಹೆಣ್ಣು ಈ ಬಡಾವಣೆಯಲ್ಲಿ ಇನ್ನೊಬ್ಬಳಿದ್ದರೆ ಮುಂದೆ ಬರಲಿ.

ನನಗಿಂತ ಮೊದಲೇ ಈ ಹಾದಿಯಲ್ಲಿ ನಡೆದವರಿದ್ದಾರೆ. ಅಮೆರಿಕದ ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ 1891ರಲ್ಲಿ ಪೇಟೆಂಟ್ ಪಡೆದ ಹೀಟರಿನಲ್ಲಿ ಇದ್ದದ್ದು ಗಾಜು ಮುಚ್ಚಿದ ಪೆಟ್ಟಿಗೆ, ಒಳಗೆ ಕಪ್ಪು ಬಳಿದ ಟ್ಯಾಂಕು, ಅಷ್ಟೇ. ಸಂಜೆಗೆ ಒಳ್ಳೆ ಬಿಸಿ, ಬೆಳಗಾಗುವಷ್ಟರಲ್ಲಿ ತಣ್ಣಗೆ. 1909ರ ಸುಮಾರಿಗೆ ಕ್ಯಾಲಿಫೋರ್ನಿಯಾದ ವಿಲಿಯಂ ಬೇಯ್ಲಿ ಕಾಯಿಸುವ ಪೈಪನ್ನೂ ನೀರಿಡುವ ಟ್ಯಾಂಕನ್ನೂ ಬೇರೆ ಮಾಡಿ, ಟ್ಯಾಂಕಿಗೆ ಬೆಚ್ಚನೆ ಹೊದಿಕೆ ಹೊದಿಸಿ, ಅದಕ್ಕೆ ‘ಡೇ ಅಂಡ್ ನೈಟ್’ ಎಂದೇ ಹೆಸರಿಟ್ಟ. ನಮ್ಮ ತಾರಸಿಗಳ ಮೇಲೆ ಅಡ್ಡ ಮಲಗಿರುವ ಉರುಟು ಟ್ಯಾಂಕುಗಳೆಲ್ಲ ಅದರ ಸಂತಾನವೇ. ಹುಡುಗ ದುಡ್ಡು ಕೇಳಿದ್ದು ಬಿಸಿಲಿಗಲ್ಲ, ರಾತ್ರಿಗೆ. ಅದನ್ನು ಅವನೇ ಹೇಳಿದ್ದ ಎಂಬುದನ್ನು ಇವರಿಗೆ ನಾನು ನೆನಪಿಸಲಿಲ್ಲ.

ಆ ರಾತ್ರಿ ಊಟ ಮಾಡುತ್ತ ಅತ್ತೆಯನ್ನು ಕೇಳಿದೆ: "ಊರಿನಲ್ಲಿ ಬೆಳಿಗ್ಗೆಗೆ ಬಿಸಿನೀರು ಹೇಗೆ ಇರ್ತಿತ್ತು?" ರಾತ್ರಿಯೇ ತಾಮ್ರದ ಹಂಡೆ ತುಂಬಿಸಿ, ಬಚ್ಚಲೊಲೆಗೆ ಕುಂಟೆ ಇಟ್ಟು, ಬೂದಿ ಮುಚ್ಚಿ ಮಲಗುವುದು, ನಾಲ್ಕೂವರೆಗೆ ಎದ್ದು ಊದಿ, ಅಡಿಕೆ ಸೋಗೆ ತುರುಕುವುದು. ಮೊದಲು ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಬಂದ ನೆಂಟರು. "ನನ್ನ ಪಾಳಿಗೆ ಹಂಡೆಯ ತಳ" ಎಂದರು ಅತ್ತೆ, ಉಪ್ಪಿನಕಾಯಿ ನೆಕ್ಕುತ್ತ. "ಸಾಕು ಸಾಕಾಗುವಷ್ಟು ಬಿಸಿನೀರು ಹೊಯ್ಕೊಂಡಿದ್ದು ನಾಲ್ಕು ಬಾಣಂತನದಲ್ಲಿ ಮಾತ್ರ ಮಾರಾಯ್ತಿ." ನಗುತ್ತಲೇ ಹೇಳಿದರು. ಇವರು ತಟ್ಟೆ ನೋಡುತ್ತಿದ್ದರು. ನನಗೂ ಮಜ್ಜಿಗೆ ಬಡಿಸುವ ಕೆಲಸ ನೆನಪಾಯಿತು.

ಮರುವಾರ ಸೋಲಾರ್ ಬಂತು; ಅದೇ ಹುಡುಗ, ಅದೇ ರೇಟು, ಸಹಿ ಮಾತ್ರ ನನ್ನದು. ಅದಕ್ಕೂ ತನ್ನದೇ ರಗಳೆ ಇದೆ. ತಾರಸಿಯಿಂದ ಬಚ್ಚಲಿಗೆ ಇಳಿದ ಪೈಪಿನಲ್ಲಿ ರಾತ್ರಿಯಿಡೀ ನಿಂತು ಆರಿದ ನೀರು ಬೆಳಿಗ್ಗೆ ಮೊದಲು ಹೋಗಬೇಕು, ಆಮೇಲೇ ಬಿಸಿ. ಮೊದಲ ವಾರ ಆ ತಣ್ಣೀರನ್ನು ಐದು ಗಂಟೆಗೇ ಎದ್ದು ಬಕೆಟ್ಟಿಗೆ ಹಿಡಿದು, ನಮಗೆಲ್ಲ ಬಿಸಿ ಬರುವಂತೆ ಮಾಡುತ್ತಿದ್ದವರು ಯಾರು ಎಂದು ಹೇಳಬೇಕಿಲ್ಲ. ಕಂಡ ದಿನವೇ ಕಾಯಿದೆ ಬದಲಾಯಿಸಿದೆ. ಈಗ ಮೊದಲು ಏಳುವವರು ಇವರು. ತಣ್ಣೀರು ಹಿಡಿದು ದಾಸವಾಳದ ಗಿಡಕ್ಕೆ ಹಾಕಿ, ಕೈಯಿಟ್ಟು ನೋಡಿ, "ಅಮ್ಮಾ, ಬಿಸಿ ಬಂತು" ಎಂದು ಕೂಗಬೇಕು. ಆಮೇಲೆ ಅತ್ತೆ ಒಳಹೊಕ್ಕರೆ ಟ್ಯಾಂಕಿನ ಅರ್ಧ ಖಾಲಿ. ಇವರು ಬಾಗಿಲಾಚೆ ನಿಂತು ನೀರಿನ ಮಿತಬಳಕೆಯ ಬಗ್ಗೆ ಭಾಷಣ ಮಾಡುತ್ತಾರೆ. ಒಳಗಿನಿಂದ ಉತ್ತರವಾಗಿ ಇನ್ನೊಂದು ಚೊಂಬು ಸುರಿದ ಸದ್ದು ಬರುತ್ತದೆ.

ಡ್ರಿಪ್ ಪೈಪನ್ನು ನಾನು ಬಿಚ್ಚಲು ಬಿಟ್ಟಿಲ್ಲ. ಷವರಿನಿಂದ ತೆಗೆದು ಅಡುಗೆಮನೆಯ ಸಿಂಕಿಗೆ ತಿರುಗಿಸಿದ್ದೇನೆ. ಮಧ್ಯಾಹ್ನದ ಊಟದ ಪಾತ್ರೆಗಳ ಜಿಡ್ಡು ಬಿಡಿಸಲು ಒಂಬತ್ತು ಲೀಟರ್ ಬೇಕಾದಷ್ಟಾಯಿತು. ಪಾತ್ರೆ ತೊಳೆಯುವುದನ್ನೂ ಇವರಿಗೇ ವಹಿಸಿದ್ದೇನೆ. ಆ ಪೈಪಿನ ವಾಲ್ವ್ ತಿರುಗಿಸಿ ಅನುಭವ ಇರುವವರು ಮನೆಯಲ್ಲಿ ಅವರೊಬ್ಬರೇ.