ರಾಯರ ಇಲಾಖಾ ವಿಚಾರಣೆ

ನಾಗಪುರದ ರಾಮದಾಸಪೇಠ್‌ನಲ್ಲಿ ಯಾವ ಗಲ್ಲಿಗೆ ತಿರುಗಿದರೂ ಒಬ್ಬ ಡಾಕ್ಟರ ಬೋರ್ಡು ಸಿಗುತ್ತದೆ. ಯಂತ್ರಗಳ ನಾಡಿ ಹಿಡಿಯುವವರಿಗೆ ಬೋರ್ಡು ಇರುವುದಿಲ್ಲ. ಅವರು ನಿವೃತ್ತರಾಗಿ ಮೂರನೇ ಮಹಡಿಯಲ್ಲಿರುತ್ತಾರೆ. ಧಾರವಾಡದಿಂದ ಬಂದು ಸಿವಿಲ್ ಲೈನ್ಸ್‌ನ ಸರ್ಕಾರಿ ಕಚೇರಿಯೊಂದರಲ್ಲಿ ಸೇವೆ ಮುಗಿಸಿದ ರಾಯರು ಈ ಪಂಗಡದವರು. ಸೇವೆಯಲ್ಲಿದ್ದಾಗ ಒಂದು ಕಡತ ಅವರ ಮೇಜಿನಿಂದ ಪಕ್ಕದ ಮೇಜಿಗೆ ಹೋಗಲು ದೀಪಾವಳಿಯಿಂದ ಯುಗಾದಿವರೆಗೆ ಹಿಡಿದರೂ ಬಿ.ಪಿ. ಏರಿಸಿಕೊಂಡವರಲ್ಲ. ಈಗ ಕಂಪ್ಯೂಟರಿನಿಂದ ಹಾಲಿನ ಮೂಲೆಯಲ್ಲಿ ಫೈಲು ಕೂಡಿಡುವ ನ್ಯಾಸ್ ಪೆಟ್ಟಿಗೆಗೆ ಫೈಲು ಸೆಕೆಂಡಿಗೆ 11 ಎಂಬಿಯಂತೆ ತೆವಳುತ್ತಿದೆ ಎಂದು ಊಟ ತಣ್ಣಗಾಗಿಸುತ್ತಾರೆ.

ಪೆಟ್ಟಿಗೆಯಲ್ಲಿ ಎರಡು ಹಾರ್ಡ್ ಡಿಸ್ಕು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಮೂಡುತ್ತದೆ. ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಆ ಕ್ಷಣವೇ ಅಳಿಯುತ್ತದೆ. ಇದನ್ನು ರಾಯರು ಬ್ಯಾಕಪ್ ಎನ್ನುತ್ತಾರೆ. ಯಾರೂ ತಿದ್ದುವ ಧೈರ್ಯ ಮಾಡಿಲ್ಲ.

ಸಾಗಿಸಬೇಕಾದದ್ದು ಮಗಳ ಮದುವೆಯ ಫೋಟೋ, ವಿಡಿಯೋ, ಒಟ್ಟು 200 ಜಿಬಿ. ಅರ್ಧ ಗಂಟೆಯಲ್ಲಿ ಮುಗಿಯಬೇಕಾದ್ದು ಐದು ಗಂಟೆ ಕೇಳುತ್ತಿದೆ. ರಾಯರು ರೂಲು ಹಾಕಿದ ನೋಟ್‌ಬುಕ್ ತೆರೆದು ‘ವಿಷಯ: ವರ್ಗಾವಣೆಯಲ್ಲಿ ವಿಳಂಬ’ ಎಂದು ಬರೆದು ಅಡಿಗೆರೆ ಎಳೆದರು.

ಮೊದಲ ಆರೋಪಿ ಆಂಟಿವೈರಸ್. ಅದನ್ನು ಒಂದು ದಿನ ಅಮಾನತಿನಲ್ಲಿಟ್ಟರು, ಆರೋಪ ಸಾಬೀತಾಗಲಿಲ್ಲ. ಎರಡನೆಯದು ಮೈಕ್ರೋಸಾಫ್ಟ್: 2017ರಲ್ಲಿ ವಾನಾಕ್ರೈ ಎಂಬ ರಾನ್ಸಮ್‌ವೇರ್ ಹಾವಳಿ ನಡೆದ ವರ್ಷವೇ ವಿಂಡೋಸ್ 10 ಫೈಲು ಹಂಚಿಕೊಳ್ಳುವ ಹಳೆಯ ಪದ್ಧತಿ ಎಸ್ಎಂಬಿ 1ನ್ನು ಹೊಸ ಕಂಪ್ಯೂಟರುಗಳಲ್ಲಿ ಕೈಬಿಡತೊಡಗಿದ ಸಂಗತಿ ರಾಯರಿಗೆ ಬಾಯಿಪಾಠ. ಅದು ಬಾಗಿಲನ್ನೇ ತೆರೆಯದಂತೆ ಮಾಡೀತೇ ಹೊರತು ಒಳಗೆ ಬಿಟ್ಟವರ ನಡಿಗೆ ನಿಧಾನಗೊಳಿಸುವುದಿಲ್ಲ. ಆದರೆ ಗೊತ್ತಿರುವ ಸಂಗತಿ ಬಳಕೆಯಾಗದೆ ಉಳಿಯುವುದು ಅವರಿಗೆ ಸಹಿಸಲಾಗದು. ಮೂರನೆಯದು ನಾಗಪುರದ ಮೇ ತಿಂಗಳು. ಹೊರಗೆ 45 ಡಿಗ್ರಿ ಇರುವಾಗ ಡಿಸ್ಕಿನ ಗತಿಯೇನೆಂದು ಪೆಟ್ಟಿಗೆಗೊಂದು ಟೇಬಲ್ ಫ್ಯಾನು ಮಂಜೂರಾಯಿತು. ಹೆಂಡತಿ ಬೀಸಣಿಗೆ ಹಿಡಿದರು.

“ಅಲ್ರೀ, ಅಕ್ಕಗ ಫೋಟೋ ಯಾವಾಗ ಕಳಸೋದು?”

“ತನಿಖೆ ನಡದೈತಿ.”

ಕೆಳಗಿನ ಮನೆಯ ಮರಾಠಿ ಹುಡುಗ, ಇಂಜಿನಿಯರಿಂಗ್ ಓದುವವನು, ‘11’ ಎಂಬ ಅಂಕಿ ಕೇಳಿದೊಡನೆ ನಕ್ಕ. “ಕಾಕಾ, ಕೇಬಲ್ ಬದಲಿಸಿ ನೋಡಿ.” ಅವನ ಲೆಕ್ಕ ಸರಳ. ಕೇಬಲಿನೊಳಗೆ ಎಂಟು ತಂತಿ, ನಾಲ್ಕು ಜೋಡಿ. ಗಿಗಾಬಿಟ್ ವೇಗಕ್ಕೆ ನಾಲ್ಕೂ ಬೇಕು. ಒಂದು ಜೋಡಿ ಕೆಟ್ಟರೆ ಎಷ್ಟೋ ಸಲ ಎರಡು ತುದಿಯ ಯಂತ್ರಗಳೂ ಸದ್ದಿಲ್ಲದೆ 100 ಮೆಗಾಬಿಟ್‌ಗೆ ಇಳಿದು ಎರಡೇ ಜೋಡಿಯಲ್ಲಿ ಸಂಸಾರ ತೂಗಿಸುತ್ತವೆ. ನೂರನ್ನು ಎಂಟರಿಂದ ಭಾಗಿಸಿ, ದಾರಿಖರ್ಚು ಕಳೆದರೆ ಹನ್ನೊಂದು ಚಿಲ್ಲರೆ ಎಂಬಿ.

ರಾಯರು ಒಪ್ಪಲಿಲ್ಲ. ಆ ಕೇಬಲನ್ನು ಸೀತಾಬರ್ಡಿಯಲ್ಲಿ ಚೌಕಾಸಿ ಮಾಡಿ ತಂದವರು, ಗೋಡೆಗುಂಟ ಮೊಳೆ ಹೊಡೆದು ಎಳೆದವರು ಖುದ್ದು ಅವರೇ. ತಾವೇ ನೇಮಿಸಿದವರ ಮೇಲೆ ವಿಚಾರಣೆ ನಡೆಸಿದ ಅಧಿಕಾರಿಯನ್ನು ನಾನಂತೂ ಕಂಡಿಲ್ಲ.

“ಅದು ಕೂಲರ್ ಕೂಡ್ಸಿದಾಗ್ಲೇ ಕಿಟಕಿ ಸಂದ್ಯಾಗ ಸಿಕ್ಕೊಂಡೈತಿ,” ಎಂದರು ಹೆಂಡತಿ ಅಡುಗೆಮನೆಯಿಂದ. “ಏಪ್ರಿಲ್‌ದಾಗ ಹೇಳಿದ್ದೆ.”

ಲಾವಂಚದ ಪರದೆಯ ಹಿಂದೆ, ಕೂಲರಿನ ತಗಡು ಚೌಕಟ್ಟಿನಡಿ ಕೇಬಲು ಚಪ್ಪಟೆಯಾಗಿ ಮಲಗಿತ್ತು. ಹುಡುಗ ತನ್ನ ಮನೆಯಿಂದ ಬೇರೆ ಕೇಬಲು ತಂದು ಚುಚ್ಚಿದ. ಕಂಪ್ಯೂಟರಿನ ಪರದೆಯ ಅಂಕಿ 110ಕ್ಕೆ ಹಾರಿತು. ರಾಯರು ನೋಟ್‌ಬುಕ್ಕಿನಲ್ಲಿ, ‘ಕೂಲರ್ ಅಳವಡಿಸಿದ ಕೆಲಸಗಾರನ ನಿರ್ಲಕ್ಷ್ಯದಿಂದ ಆದುದೆಂದು ಕಂಡುಬಂದಿದೆ’ ಎಂದು ಷರಾ ಬರೆದು ಸಹಿ ಹಾಕಿದರು. ಕೆಲಸಗಾರ ಊರಲ್ಲಿರಲಿಲ್ಲ, ಪುಣ್ಯ.

ಇನ್ನು ಹೆಂಡತಿಯ ಅಕ್ಕನಿಗೆ ಪೆನ್‌ಡ್ರೈವಿನಲ್ಲಿ ಹಾಕಿಕೊಡುವುದಷ್ಟೇ. 32 ಜಿಬಿಯ ಹೊಸ ಪೆನ್‌ಡ್ರೈವು, ಖಾಲಿ. ಮುಹೂರ್ತದ ವಿಡಿಯೋ ಬರೀ 6 ಜಿಬಿ. ಫೈಲು ತೀರಾ ದೊಡ್ಡದಾಯಿತೆಂದು ಕಂಪ್ಯೂಟರು ನಿರಾಕರಿಸಿತು. ಫ್ಯಾಟ್32 ಎಂಬ ಹಳೆಯ ಪದ್ಧತಿಯ ಡ್ರೈವು ಎಷ್ಟೇ ಖಾಲಿಯಿರಲಿ, 4 ಜಿಬಿ ತಲುಪಿದ ಒಂಟಿ ಫೈಲನ್ನು ಒಳಗೆ ಬಿಡುವುದಿಲ್ಲ. ಹುಡುಗ ಅದನ್ನು ಹೇಳಲು ಬಾಯಿ ತೆರೆದ.

“ನೀನು ಸುಮ್ಮನಿರಪ್ಪ,” ಎಂದ ರಾಯರು ಹೊಸ ಪುಟ ತಿರುವಿ, ‘ವಿಷಯ: ಜಾಗವಿದ್ದರೂ ಪ್ರವೇಶ ನಿರಾಕರಣೆ’ ಎಂದು ಬರೆಯತೊಡಗಿದರು. ಹೆಂಡತಿ ಆಗಲೇ ಫೋನಿನಲ್ಲಿದ್ದರು: “ಅಕ್ಕಾ, ನೀನೇ ಬಂದು ನೋಡಿಕೊಂಡು ಹೋಗವಾ.”