ಕೊನೆಯ ಲಾಂಚು ಮತ್ತು ಪೂರಿಯಾ ಧನಾಶ್ರೀ

ಬೆಂಗಳೂರಿನಿಂದ ತುಮರಿಗೆ ಹೋಗುವುದು ಹೇಗೆಂದು ಯಾರಾದರೂ ಕೇಳಿದರೆ ನಮ್ಮ ಭಾವ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದರು: ರಾತ್ರಿ ತಾಳಗುಪ್ಪದ ರೈಲು ಹತ್ತು, ಬೆಳಿಗ್ಗೆ ಸಾಗರದಲ್ಲಿ ಇಳಿ, ಬಸ್ಸು ಹಿಡಿದು ಹೊಳೆಬಾಗಿಲಿಗೆ ಹೋಗು, ಲಾಂಚು ದಾಟು. ಇದೇ ತೀರ್ಮಾನಕ್ಕೆ ಬರಲು ನನಗೆ ಒಂದು ದಪ್ಪ ನೋಟ್‌ಬುಕ್ಕಿನ ಮುಕ್ಕಾಲು ಪಾಲು ಬೇಕಾಯಿತು. ಭಾವ ಅದನ್ನು ನನ್ನ ಸೋಲೆಂದು ಇವತ್ತಿಗೂ ನೆಂಟರಿಷ್ಟರ ಮುಂದೆ ಹೇಳಿಕೊಂಡು ತಿರುಗುತ್ತಾರೆ. ಇರುವುದು ಒಂದೇ ದಾರಿ ಎಂದು ಗೊತ್ತಿದ್ದೂ ಯೋಜನೆ ಹಾಕುವುದರಲ್ಲಿ ಎಂಥ ಸುಖವಿದೆ ಎಂಬುದು ಕಾರಿಟ್ಟುಕೊಂಡವರಿಗೆ ತಿಳಿಯುವುದಿಲ್ಲ.

ಹೊರಟಿದ್ದು ಸಂಗೀತಕ್ಕೆ. ಕಾಲೇಜು ದಿನಗಳ ಗೆಳೆಯನೊಬ್ಬ ಶರಾವತಿ ಹಿನ್ನೀರಿನ ಆಚೆ ದಡದಲ್ಲಿ, ತುಮರಿಯಿಂದ ಇನ್ನಷ್ಟು ಒಳಗೆ, ಅಡಿಕೆ ತೋಟ ನೋಡಿಕೊಂಡಿದ್ದಾನೆ. ಕೊಯ್ಲು ಮುಗಿದು ಅಂಗಳ ಖಾಲಿಯಾದ ಮೇಲೆ ಒಂದು ರಾತ್ರಿ ಅಲ್ಲೇ ಚಪ್ಪರದಡಿ ಹಿಂದೂಸ್ತಾನಿ ಗಾಯನ ಇಡಿಸುತ್ತಾನೆ. ಟಿಕೆಟ್ಟಿಲ್ಲ, ಬ್ಯಾನರಿಲ್ಲ, ದೀಪ ಬೆಳಗಿಸಿ ನಲವತ್ತು ನಿಮಿಷ ಮಾತಾಡುವ ಮುಖ್ಯ ಅತಿಥಿಯಂತೂ ಇಲ್ಲವೇ ಇಲ್ಲ. 2025ರ ಫೆಬ್ರವರಿಯ ಸಂಗೀತಕ್ಕೆ ನನಗೂ ವಾಟ್ಸಾಪಿನಲ್ಲಿ ಕರೆ ಬಂತು: "ಸಂಜೆಯಿಂದ ಬೆಳಗಿನವರೆಗೆ. ಬಾ." ಬೆಳಗಿನವರೆಗೆ ಏಕೆಂದು ಕೇಳುವ ಹಾಗಿಲ್ಲ. ಕೊನೆಯ ಲಾಂಚು ಹೋದ ಮೇಲೆ ಕೇಳುಗರು ಎದ್ದು ಹೋಗುವುದಾದರೂ ಎಲ್ಲಿಗೆ?

ಹಿಂದೂಸ್ತಾನಿ ಸಂಗೀತವೂ ರೈಲಿನ ಹಾಗೆ ವೇಳಾಪಟ್ಟಿಯ ಮೇಲೆ ನಡೆಯುವಂಥದ್ದು. ಇಳಿಹಗಲಿಗೆ ಮುಲ್ತಾನಿ, ಹೊತ್ತು ಮುಳುಗುವಾಗ ಪೂರಿಯಾ ಧನಾಶ್ರೀ, ದೀಪ ಹಚ್ಚಿದ ಮೇಲೆ ಯಮನ್, ರಾತ್ರಿ ಏರಿದ ಮೇಲೆ ಬಾಗೇಶ್ರೀ, ನಡುರಾತ್ರಿಗೆ ಮಾಲಕಂಸ, ನಸುಕಿಗೆ ಲಲಿತ್, ಎಲ್ಲ ಮುಗಿಸಲು ಭೈರವಿ. ನಾನೋ ಪೂರಿಯಾ ಧನಾಶ್ರೀಗೆ ಪ್ರಾಣ ಬಿಡುವವನು. ಸಭಾಂಗಣಗಳಲ್ಲಿ ಅದು ಸಿಗುವುದೇ ಇಲ್ಲ; ಆ ಹೊತ್ತಿಗೆ ನಾವೆಲ್ಲ ಟ್ರಾಫಿಕ್ಕಿನಲ್ಲಿರುತ್ತೇವೆ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದೆ: ರೈಲು, ಲಾಂಚು, ರಾಗ.

ಮೊದಲು ಪರಿಶೀಲಿಸಿದ್ದು ಮಧ್ಯಾಹ್ನದ ಇಂಟರ್‌ಸಿಟಿಯನ್ನು. ಅರಸೀಕೆರೆ, ಬೀರೂರು, ಭದ್ರಾವತಿ ಎಲ್ಲ ಬೆಳಕಿರುವಾಗಲೋ ಮುಸ್ಸಂಜೆಯಲ್ಲೋ ನೋಡಿಕೊಂಡು ಹೋಗಬಹುದಾದ ಚಂದದ ರೈಲು. ಆದರೆ ಅದು ಸಾಗರ ಮುಟ್ಟುವಾಗ ರಾತ್ರಿ. ರೈಲಿನ ಕಾಲಂನಲ್ಲಿ 'ಸರಿ' ಎಂದು ಬರೆದೆ, ಲಾಂಚಿನ ಕಾಲಂನಲ್ಲಿ 'ಮಲಗಿರುತ್ತದೆ', ರಾಗದ ಕಾಲಂನಲ್ಲಿ 'ಬಾಗೇಶ್ರೀ, ಆಚೆ ದಡದಲ್ಲಿ'. ಆಮೇಲೆ ಹೊಸನಗರ, ನಗರ, ನಿಟ್ಟೂರು ಎಂದು ನೀರನ್ನು ಬಳಸಿಕೊಂಡು ಹೋಗುವ ರಸ್ತೆಯನ್ನು ಸ್ಕೇಲಿಟ್ಟು ಅಳೆದೆ. ಆ ಹೊತ್ತಿನಲ್ಲಿ ಆ ದಾರಿಗೆ ಬಸ್ಸಿಲ್ಲ. ನಕ್ಷೆಯಲ್ಲಿ ಹಸಿರುಮಕ್ಕಿ ಎಂಬಲ್ಲಿ ಇನ್ನೊಂದು ಲಾಂಚು ಕಂಡಾಗ ಹೊಸ ಖಂಡ ಕಂಡವನಂತೆ ಕುಣಿದೆ. ಅದು ಬೇರೆ ಕಡೆಯ ಜನರಿಗೆ ಬೇರೆ ಕಡೆ ದಾಟಲು ಇರುವ ಲಾಂಚೆಂದು ಗೆಳೆಯ ತಿಳಿಸಿದ ಮೇಲೂ ಅದಕ್ಕೆಂದು ತುಂಬಿಸಿದ ಪುಟವನ್ನು ಹರಿಯಲಿಲ್ಲ. ವಾಪಸು ಬರುವುದಕ್ಕೆ ಬೇರೆ ಅಧ್ಯಾಯ. ತಾಳಗುಪ್ಪದಿಂದ ಹಗಲು ರೈಲು ಹೊರಡುವುದು ನಸುಕಿನಲ್ಲಿ. ಆಗ ಆಚೆ ದಡದಲ್ಲಿ ಲಲಿತ್ ನಡೆದಿರುತ್ತದೆ, ಲಾಂಚು ಕಣ್ಣು ಬಿಟ್ಟಿರುವುದಿಲ್ಲ. ಹೀಗೆ ಎಲ್ಲ ದಾರಿಗಳನ್ನೂ ಒಂದೊಂದಾಗಿ, ಪ್ರೀತಿಯಿಂದ ಮುಚ್ಚುತ್ತ ಬಂದು ಕೊನೆಗೆ ರಾತ್ರಿ ರೈಲಿನ ಎದುರು ನಿಂತೆ.

ಮುಂಗಡ ಬುಕಿಂಗ್ ಅವಧಿಯನ್ನು 2024ರ ನವೆಂಬರಿನಿಂದ 120 ದಿನದ ಬದಲು 60 ದಿನಕ್ಕೆ ಇಳಿಸಿದ್ದರು. ನನ್ನಂಥವರ ಸುಖವನ್ನು ಸರಿಯಾಗಿ ಅರ್ಧಕ್ಕೆ ಕತ್ತರಿಸಿದ ಕ್ರಮವದು. ಬುಕಿಂಗ್ ತೆರೆಯುವ ದಿನ ಬೆಳಿಗ್ಗೆ ಎಂಟಕ್ಕೆ ಸ್ನಾನ ಮುಗಿಸಿ ಫೋನ್ ಹಿಡಿದು ಕುಳಿತೆ. ಕೆಳಗಿನ ಬರ್ತ್ ಸಿಕ್ಕಿತು.

ಅದೇ ವಾರ ಮನೆಗೆ ಬಂದ ಭಾವ ನೋಟ್‌ಬುಕ್ಕನ್ನು ತಿರುವಿಹಾಕಿ ಹೇಳಿದರು: "ಅಲ್ಲವೋ, ಭೀಮಸೇನ ಜೋಶಿ ಹನ್ನೊಂದು ವರ್ಷಕ್ಕೆ ಗದಗದಿಂದ ಮನೆ ಬಿಟ್ಟು ಓಡಿಹೋದರಲ್ಲ, 1933ರಲ್ಲಿ, ಟಿಕೆಟ್ಟೂ ಇಲ್ಲದೆ ರೈಲು ಹತ್ತಿಕೊಂಡು. ಅವರು ಎಷ್ಟು ಕಾಲಂ ಎಳೆದಿದ್ದರು?"

"ಅವರು ಕಲಿಯಲು ಹೋದವರು ಭಾವ, ನಾನು ಕೇಳಲು ಹೋಗುವವನು. ಕೇಳುಗನ ಜವಾಬ್ದಾರಿ ಹೆಚ್ಚಿನದು" ಎಂದೆ. ಇದರ ಅರ್ಥ ನನಗೂ ಆಗಿರಲಿಲ್ಲ. ಭಾವ ತಲೆಯಾಡಿಸಿ ಇನ್ನೊಂದು ಕಾಫಿ ಕೇಳಿದರು.

ಇನ್ನು ಉಳಿದಿದ್ದು ಒಂದೇ ಸಂಗತಿ: ಕೊನೆಯ ಲಾಂಚು ಎಷ್ಟು ಹೊತ್ತಿಗೆ? ರಾತ್ರಿ ರೈಲಿನಲ್ಲಿ ಹೋಗುವವನು ಬೆಳಿಗ್ಗೆಯೇ ಸಾಗರದಲ್ಲಿರುತ್ತಾನೆ, ಕೊನೆಯ ಲಾಂಚು ಕಟ್ಟಿಕೊಂಡು ಅವನಿಗೇನಾಗಬೇಕು ಎಂದು ನೀವು ಕೇಳಬಹುದು. ಭಾವನೂ ಕೇಳಿದರು. ಆದರೆ ಕಾಲಂ ಖಾಲಿ ಇತ್ತು. ಗೆಳೆಯ "ಆರರ ಸುಮಾರಿಗೆ" ಎಂದ. 'ಸುಮಾರು' ಎಂಬುದನ್ನು ಕಾಲಂನಲ್ಲಿ ಬರೆಯುವುದು ಹೇಗೆ? ಕಾಟ ತಾಳಲಾರದೆ ಅವನು ಹೊಳೆಬಾಗಿಲಿನ ಚಹಾದ ಅಂಗಡಿಯೊಂದರ ನಂಬರ್ ಕೊಟ್ಟ.

ಒಂದು ಸಂಜೆ ಫೋನ್ ಮಾಡಿದೆ.

"ಕೊನೇ ಲಾಂಚು ಎಷ್ಟು ಗಂಟೆಗೆ?"

"ಬಸ್ಸು ಬಂದ್ಮೇಲೆ ಬಿಡ್ತಾರೆ."

"ಬಸ್ಸು ಎಷ್ಟು ಗಂಟೆಗೆ ಬರುತ್ತೆ?"

"ಅದು ಲಾಂಚಿಗೆ ಸರಿಯಾಗಿ ಬರ್ತದೆ."

ಇಲ್ಲಿಗೆ ಬಿಡಬಹುದಾಗಿತ್ತು. ಬಿಡಲಿಲ್ಲ. "ಆದರೂ ಅಂದಾಜು?" ಎಂದೆ. ಆ ಕಡೆಯವರಿಗೆ ನನ್ನ ಮೇಲೆ ಕನಿಕರ ಬಂದಿರಬೇಕು. "ನೀವು ಹಾಂಗೇ ಹಿಡ್ಕೊಂಡಿರಿ ಮಾರಾಯ್ರೆ, ಕೇಳಿ ಹೇಳ್ತೇನೆ" ಎಂದು ಫೋನನ್ನು ಎಲ್ಲೋ ಇಟ್ಟರು. ಬಹುಶಃ ಸಕ್ಕರೆ ಡಬ್ಬದ ಪಕ್ಕ; ಏಕೆಂದರೆ ಮುಂದೆ ನನಗೆ ಕೇಳಿದ್ದೆಲ್ಲ ಚಮಚದ ಸದ್ದಿನ ಜೊತೆಗೇ ಕೇಳಿತು. ಹೊಳೆಬಾಗಿಲನ್ನು ಕಾಣದೆಯೇ ನಾನು ಅಲ್ಲಿಗೆ ಹೋಗಿಬಿಟ್ಟೆ. ಯಾರೋ ಎರಡು ಚಹಾ ಹೇಳಿದರು. ಒಂದಕ್ಕೆ ಸಕ್ಕರೆ ಬೇಡ. ಸಕ್ಕರೆ ಬೇಡ ಎಂದವರಿಗೆ ಸಕ್ಕರೆ ಹಾಕಿದ್ದು ಬಂತು. ಅದರ ವಿಚಾರಣೆ ನಡೆಯಿತು. ಮಗುವೊಂದು ಬಿಸ್ಕತ್ತಿಗೆ ಹಟ ಹಿಡಿದು, ಸಿಕ್ಕಿ, ಅದು ನೆಲಕ್ಕೆ ಬಿದ್ದು, ತಾರಸ್ಥಾಯಿಗೆ ಹೋಯಿತು. ಸಿಗಂದೂರಿಗೆ ಹೊರಟ ಭಕ್ತರೊಬ್ಬರು ಚಪ್ಪಲಿ ಎಲ್ಲಿ ಬಿಡಬೇಕೆಂದು ಈಗಲೇ ವಿಚಾರಿಸುತ್ತಿದ್ದರು. ನನ್ನ ಜಾತಿಯವರು, ಮನಸ್ಸಿಗೆ ಹಾಯೆನಿಸಿತು. ದೂರದಲ್ಲಿ ಬಸ್ಸಿನ ಹಾರ್ನ್. ಹತ್ತಿರದಲ್ಲಿ ಬಸ್ಸಿನ ಹಾರ್ನ್. "ಹಿಂದೆ ಬಾ, ಹಿಂದೆ ಬಾ, ಬಾ ಬಾ ಬಾ, ಹೋಯ್!" ಬಸ್ಸು ಲಾಂಚಿನ ಮೇಲೆ ಏರಿದ್ದು ಕಬ್ಬಿಣದ ಸದ್ದಿನಿಂದಲೇ ಗೊತ್ತಾಯಿತು. ನಾನು ಬಸವನಗುಡಿಯ ಮನೆಯಲ್ಲಿ ಎದ್ದು ನಿಂತಿದ್ದೆ. ಅಡುಗೆಮನೆಯಿಂದ ನನ್ನವಳು "ಯಾರ ಜೊತೆ?" ಎಂದಳು. ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಗಡಗಡ ಎಂದು ಇಂಜಿನ್ ಶುರುವಾಯಿತು, ನೀರು ಕಲಕಿದಂತಾಯಿತು, ಸದ್ದು ಮೆಲ್ಲಗೆ ತೆಳ್ಳಗಾಯಿತು. ಆಗ ಫೋನು ಮತ್ತೆ ಕೈಗೆ ಬಂತು.

"ಕೇಳ್ತಾ? ಅದೇ ಕೊನೇದು. ಹೋತು."

ಗಡಿಯಾರ ನೋಡಿದೆ. ಆರಕ್ಕೆ ಎಂಟು ನಿಮಿಷ ಇತ್ತು. ಕಾಲಂನಲ್ಲಿ 5.52 ಎಂದು ಕೆಂಪು ಶಾಯಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಜೀವನದಲ್ಲಿ ಇಷ್ಟು ಖಚಿತವಾದ ಮಾಹಿತಿಯನ್ನು ನಾನು ಬೇರೆಲ್ಲೂ ಪಡೆದಿಲ್ಲ.

ಪ್ರಯಾಣದ ಬಗ್ಗೆ ಹೇಳುವಂಥದ್ದೇನಿಲ್ಲ, ಎಲ್ಲವೂ ಭಾವ ಹೇಳಿದ ಹಾಗೆಯೇ ಆಯಿತು. 'ಮಾಲ್ಗುಡಿ ಡೇಸ್' ಚಿತ್ರೀಕರಣವಾದ ಅರಸಾಳು ನಿಲ್ದಾಣವನ್ನು ನೋಡಬೇಕೆಂದು ಅಲಾರಂ ಇಟ್ಟಿದ್ದೆ. ಪಕ್ಕದ ಬರ್ತಿನವರೆಲ್ಲ ನೋಡಿದರು. ಸಾಗರ ಜಂಬಗಾರು ಎಂದು ಬರೆದ ಫಲಕದಡಿ ಇಳಿದೆ, ಇಡ್ಲಿ ತಿಂದೆ, ಬಸ್ಸು ಹತ್ತಿದೆ. ಹೊಳೆಬಾಗಿಲಿನಲ್ಲಿ ಸೇತುವೆಯ ಕೆಲಸ ಮುಗಿಯುತ್ತ ಬಂದಿತ್ತು, ಆದರೆ ಮೇಲೆ ಜನ ಓಡಾಡುವ ಹಾಗಿರಲಿಲ್ಲ. ಅದರ ನೆರಳಲ್ಲೇ ಲಾಂಚು ದಾಟಿ ಕಳಸವಳ್ಳಿ ದಡ ಸೇರಿ, ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಗೆಳೆಯನ ಜಗುಲಿಯಲ್ಲಿದ್ದೆ. ಪೂರಿಯಾ ಧನಾಶ್ರೀಗೆ ಇನ್ನೂ ಆರೂವರೆ ತಾಸು ಬಾಕಿ.

ಆರು ಗಂಟೆಗೆ ಚಪ್ಪರದಡಿ ಮೊದಲ ಸಾಲಿನಲ್ಲಿ ಕುಳಿತೆ. ಆರೂವರೆಗೆ ಅಡಿಕೆ ಮರಗಳ ಹಿಂದೆ ಹೊತ್ತು ಮುಳುಗಿತು. ವೇದಿಕೆಯ ಮೇಲೆ ಜಮಖಾನೆಯೊಂದೇ ಇತ್ತು. ಏಳಕ್ಕೆ ಕಾರೊಂದು ಬಂತು. ಚಾಲಕನ ಬಾಗಿಲಿನಿಂದ ನಮ್ಮ ಭಾವ ಇಳಿದರು. ಇನ್ನೊಂದು ಬಾಗಿಲಿನಿಂದ ಗಾಯಕರು ಇಳಿದರು. ಹಿಂದಿನ ಸೀಟಿನಿಂದ ತಬಲದವರೂ ತಂಬೂರಿಯೂ. ಬೆಳಿಗ್ಗೆ ಸುಮ್ಮನೆ ಮನಸ್ಸಾಗಿ ಹೊರಟರಂತೆ ಭಾವ. ಕೊನೆಯ ಲಾಂಚಿನ ಸಾಲಿನಲ್ಲಿ ಧಾರವಾಡದಿಂದ ಬಸ್ಸಿನಲ್ಲಿ ಬಂದಿದ್ದ ಇವರು ಸಿಕ್ಕರಂತೆ, ಕೂರಿಸಿಕೊಂಡರಂತೆ. "ಎಂಥ ಸರಳ ಮನುಷ್ಯರು ಗೊತ್ತೇನೋ!" ಎಂದು ನನಗೇ ಪರಿಚಯ ಮಾಡಿಸಿದರು. ಗಾಯಕರು ಕೈಕಾಲು ತೊಳೆದು, ಕಷಾಯ ಕುಡಿದು, ತೊಡೆದೇವು ಬಾಯಿಗೆ ಹಾಕಿಕೊಂಡು, ಶ್ರುತಿ ಕೂಡಿಸಿ ಕುಳಿತಾಗ ಎಂಟೂವರೆ. ಯಮನ್ ಶುರು ಮಾಡಿದರು. ಪೂರಿಯಾ ಧನಾಶ್ರೀಯ ಹೊತ್ತನ್ನು ಅವರು ಲಾಂಚಿನ ಮೇಲೆ ಭಾವನ ಜೊತೆ ಕಳೆದಿದ್ದರು. ಭಾವನೋ ಬಾಗೇಶ್ರೀಗೆ ಮುಂಚೆಯೇ ಕಂಬಕ್ಕೊರಗಿ ಅಡಿಕೆ ಮೂಟೆಯಂತೆ ನಿದ್ದೆ ಹೋದರು, ಮೊದಲ ಸಾಲಿನಲ್ಲಿ, ನನ್ನ ಪಕ್ಕದಲ್ಲೇ.

ಸಂಗೀತ ಹೇಗಿತ್ತೆಂದು ವರ್ಣಿಸುವುದಿಲ್ಲ. ಒಂದು ಮಾತಷ್ಟೇ ಹೇಳುತ್ತೇನೆ: ಎದ್ದು ಹೋಗಲು ದಾರಿಯಿಲ್ಲದ ಸಭೆಯೆದುರು ಹಾಡುವವರ ಧೈರ್ಯವೇ ಬೇರೆ. ಮಾಲಕಂಸದ ಆಲಾಪಕ್ಕೆ ಅವರು ತೆಗೆದುಕೊಂಡ ಸಾವಕಾಶವನ್ನು ಯಾವ ಸಭಾಂಗಣದ ಕಾರ್ಯದರ್ಶಿಯೂ ಕೊಡುತ್ತಿರಲಿಲ್ಲ.

ಬೆಳಿಗ್ಗೆ ಕಾಫಿ ಕುಡಿಯುತ್ತ ಇದನ್ನೇ ಗೆಳೆಯನ ತಾಯಿಗೆ ಹೇಳಿದೆ. ಲಾಂಚು ರಾತ್ರಿ ನಿಲ್ಲುವುದೇ ಈ ಸಂಗೀತದ ಭಾಗ್ಯ ಎಂದು. ಕೆಂಪು ಶಾಯಿಯ ಪುಟವನ್ನೂ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. "ಚೊಲೋ ಬರದ್ದೆ. ನಂಗಕ್ಕಿಗೂ ಇದು ಬಾಯಿಪಾಠ ಇತ್ತು" ಎಂದರು. ಆಮೇಲೆ ನನಗೆ ಅರ್ಥವಾಗಲೆಂದು ಪೇಟೆಯ ಕನ್ನಡದಲ್ಲಿ ಹೇಳಿದರು: "ಮನೆಯಲ್ಲಿ ಬಸುರಿ ಇದ್ದರೆ ಐದು ಗಂಟೆಗೇ ಕೇಳಿಕೊಳ್ಳುವುದು, ನೋವು ಏನಾದರೂ ಇದೆಯೋ ಅಂತ. ಆರರ ಮೇಲೆ ಬಂದರೆ ಬೆಳಗಿನವರೆಗೆ ದೇವರೇ ಗತಿ."

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಈ ಕರೂರು, ಬಾರಂಗಿ ಸೀಮೆಯ ಗದ್ದೆ, ತೋಟ, ಮನೆ ಮುಳುಗಿದವು. ಮುಳುಗದೆ ಉಳಿದವರ ಸುತ್ತ ನೀರು ನಿಂತಿತು. ಆ ನೀರಿನಿಂದ ಬಂದ ಕರೆಂಟಿನಲ್ಲೇ ಬೆಂಗಳೂರಿನಲ್ಲಿ ಕುಳಿತು ನಾನು ಕಾಲಂ ಎಳೆದಿದ್ದು. ನೋಟ್‌ಬುಕ್ಕನ್ನು ಚೀಲದ ತಳಕ್ಕೆ ಹಾಕಿದೆ. ವಾಪಸು ಭಾವನ ಕಾರಿನಲ್ಲೇ ಬಂದೆ, ದಾರಿಯುದ್ದಕ್ಕೂ ಅವರು ಮಾಲಕಂಸ ಹೇಗಿತ್ತೆಂದು ನನಗೆ ವಿವರಿಸಿದರು.

2025ರ ಜುಲೈ 14ರಂದು ಹೊಳೆಬಾಗಿಲಿನ ಆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಹೆಚ್ಚು ಉದ್ದ, ನಾಲ್ಕು ನಿಮಿಷದ ದಾರಿ. ಅವತ್ತಿನಿಂದ ನಮ್ಮ ಊರಿನ ಕೆಲವರು "ಅಯ್ಯೋ, ಲಾಂಚಿನ ಮಜವೇ ಹೋಯಿತು" ಎಂದು ಮರುಗುತ್ತಿದ್ದಾರೆ. ಅವರು ಲಾಂಚು ಹತ್ತಿದ್ದು ಫೋಟೋಕ್ಕೆ. ಮಜ ಬೇಕಾದವರು ಒಂದು ಮಳೆಗಾಲ ಆಚೆ ದಡದಲ್ಲಿ ಜ್ವರದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿರಬೇಕಿತ್ತು.

ಈ ವರ್ಷದ ಸಂಗೀತದಲ್ಲಿ ಹತ್ತು ಗಂಟೆಗೇ ಅರ್ಧ ಚಪ್ಪರ ಖಾಲಿಯಾಯಿತು. "ನಾಳೆ ಕೆಲಸ ಇದೆ, ಬತ್ತಿ" ಎನ್ನುತ್ತ ಬೈಕು, ಕಾರು ಹೊರಟವು. ಹೋಗಲಿ, ಹೋಗುವ ಹಕ್ಕು ಅವರಿಗೆ ಅರವತ್ತು ವರ್ಷ ತಡವಾಗಿ ಸಿಕ್ಕಿದೆ. ಆದರೆ ಈ ಸಲ ಗಾಯಕರು ಸಂಜೆ ನಾಲ್ಕಕ್ಕೇ ಬಂದಿದ್ದರು, ಹೊತ್ತು ಮುಳುಗುವಾಗ ಪೂರಿಯಾ ಧನಾಶ್ರೀಯನ್ನೇ ಹಾಡಿದರು ಎಂದು ಗೆಳೆಯ ಫೋನಿನಲ್ಲಿ ಹೇಳಿದ. ನಾನು ಆಗ ಭಾವನ ಕಾರಿನಲ್ಲಿ ಶಿವಮೊಗ್ಗ ದಾಟುತ್ತಿದ್ದೆ. ಸೇತುವೆ ಇದೆಯಲ್ಲ, ಯಾವಾಗ ಹೋದರೇನು ಎಂದು ಮಧ್ಯಾಹ್ನದ ಊಟ ಮುಗಿಸಿಕೊಂಡೇ ಹೊರಟಿದ್ದೆವು.

ಮುಂದಿನ ಫೆಬ್ರವರಿಗೆ ನೀವು ಹೋಗುವುದಾದರೆ ರಾತ್ರಿ ರೈಲಿಗೇ ಹೋಗಿ. ತಾಳಗುಪ್ಪದವರೆಗೆ ಹೋಗಬೇಡಿ, ಸಾಗರದಲ್ಲೇ ಇಳಿಯಿರಿ. ಊಟ ರಾತ್ರಿ ಏಳೂವರೆಗೆ. ಅಪ್ಪೆಹುಳಿ ಬೇಗ ಖಾಲಿಯಾಗುತ್ತದೆ.