ಈರುಳ್ಳಿ ಕಾಣದ ಅಲಗು

ಮಡಚುವ ಚಾಕುವಿನ ಕೆಲಸ ಇಷ್ಟೇ: ಮಡಚಿದಾಗ ಜೇಬಿನಲ್ಲಿರಬೇಕು, ಬಿಡಿಸಿದಾಗ ಏನನ್ನಾದರೂ ಕೊಯ್ಯಬೇಕು. ಈಗ ಅದರಲ್ಲೇ ಇನ್ನೊಂದು ಜಾತಿ ಹುಟ್ಟಿಕೊಂಡಿದೆ. ಅದನ್ನು ಮಡಚಿ ಮಖಮಲ್ಲಿನ ಮೇಲಿಡುತ್ತಾರೆ. ಮಖಮಲ್ಲು ಮರದ ಪೆಟ್ಟಿಗೆಯೊಳಗೆ, ಪೆಟ್ಟಿಗೆ ಬೀರುವಿನೊಳಗೆ, ಬೀರುವಿನ ಕೀಲಿ ಹೆಂಡತಿಗೆ ಸಿಗದ ಕಡೆ. ಕೀಲಿಗಿಂತ ಮುಖ್ಯವಾಗಿ ಬಿಲ್ಲು ಹೆಂಡತಿಗೆ ಸಿಗದ ಕಡೆ. ಈ ಚಾಕು ಬಂದ ಡಬ್ಬದ ಟೇಪನ್ನು ಕೂಡ ಬೇರೆ ಚಾಕುವಿನಿಂದ ಕೊಯ್ದಿರುತ್ತಾರೆ.

ಅಲಗು ಡಮಾಸ್ಕಸ್. ಎರಡು ಬಗೆಯ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ಕಾಯಿಸಿ, ಬಡಿದು, ಮಡಚಿ, ಮತ್ತೆ ಬಡಿದು, ಕೊನೆಗೆ ಆಸಿಡ್ಡಿನಲ್ಲಿ ಅದ್ದಿದರೆ ಅಲೆಅಲೆಯಾಗಿ ಗೆರೆ ಏಳುತ್ತದೆ. ಹಿಡಿಗೆ ಟೈಟಾನಿಯಂ, ಆಕಾಶದಿಂದ ಬಿದ್ದ ಉಲ್ಕೆಯ ಚೂರು, ಇಲ್ಲವೇ ಮ್ಯಾಮತ್ ಹಲ್ಲು. ಅಮೆರಿಕದ ಆರೆಗನ್ನಿನ ವಿಲಿಯಂ ಹೆನ್ರಿ ಕಂಪನಿ ಇಂಥದ್ದಕ್ಕೇ ಹೆಸರುವಾಸಿ. ಅವರ ಕೆಲವು ಚಾಕುಗಳ ಬೆಲೆ ಸಾವಿರಾರು ಡಾಲರ್. ನಮ್ಮಲ್ಲಿ ಆನೆದಂತ ಇಟ್ಟುಕೊಂಡರೆ ಜೈಲು, ಆನೆಯ ಅಳಿದುಹೋದ ದಾಯಾದಿಯ ಹಲ್ಲು ಇಟ್ಟುಕೊಂಡರೆ ಅಭಿರುಚಿ. ವೀರಪ್ಪನ್ ಸ್ವಲ್ಪ ಹಳೇ ಕಾಲದ ಆನೆಗಳನ್ನು ಹುಡುಕಿಕೊಂಡಿದ್ದರೆ ಇಷ್ಟೊಂದು ರಾದ್ಧಾಂತವೇ ಆಗುತ್ತಿರಲಿಲ್ಲ.

ನಮ್ಮ ಪುಟ್ಟೇನಹಳ್ಳಿಯಲ್ಲೂ (ಜೆ.ಪಿ. ನಗರದ ಕಡೆಯದಲ್ಲ, ಯಲಹಂಕದ್ದು, ಕ್ಯಾಬಿನವರಿಗೂ ದಿನಾ ಇದನ್ನೇ ಹೇಳುತ್ತಿರುತ್ತೇವೆ) ಇಂಥ ಸಂಗ್ರಾಹಕರೊಬ್ಬರಿದ್ದಾರೆ. ಪೆಟ್ಟಿಗೆ ತೆಗೆದು ತೋರಿಸಿದರು. ‘ಸಾರ್, ಇದರಲ್ಲಿ ಈರುಳ್ಳಿ ಹೆಚ್ಚಬಹುದಾ?’ ಅಂದೆ. ‘ಅಯ್ಯೋ, ರಸ ತಾಗಿದರೆ ಪ್ಯಾಟರ್ನ್ ಹಾಳಾಗುತ್ತೆ ಸಾರ್’ ಅಂದರು. ‘ಮತ್ತೆ ಜೇಬಿನಲ್ಲಿ?’ ‘ಗೀರು ಬೀಳುತ್ತೆ.’ ‘ಊರಿಗೆ ಹೋಗುವಾಗ?’ ‘ಏರ್‌ಪೋರ್ಟಿನಲ್ಲಿ ಕಿತ್ತುಕೊಳ್ಳುತ್ತಾರೆ.’ ಅವರ ಮನೆಯ ಈರುಳ್ಳಿಯನ್ನು ಸಂತೆಯಲ್ಲಿ ಕೊಂಡ ಪ್ಲಾಸ್ಟಿಕ್ ಹಿಡಿಯ ಚಾಕು ನೋಡಿಕೊಳ್ಳುತ್ತಿದೆ.

ಚಾಕು ಮಾಡುವವರನ್ನು ದಡ್ಡರು ಅಂದುಕೊಳ್ಳಬೇಡಿ. ಒಳ್ಳೆಯ ಚಾಕುವಿಗೆ ಒಂದು ಕೆಟ್ಟ ರೋಗವಿದೆ: ಅದು ಬಾಳಿಕೆ ಬರುತ್ತದೆ. ಒಮ್ಮೆ ಕೊಂಡ ಗಿರಾಕಿ ಆಗಾಗ ಸಾಣೆ ಹಿಡಿಸಿಕೊಂಡು ಇಪ್ಪತ್ತು ವರ್ಷ ಅಂಗಡಿ ಕಡೆ ತಲೆ ಹಾಕುವುದಿಲ್ಲ. ಅಷ್ಟು ದಿನ ಕಾರ್ಖಾನೆ ಕಣ್ಣುಮುಚ್ಚಿ ಕೂರಲಾದೀತೆ? ಹಾಗಾಗಿ ಚಾಕು ಬೇಕಿಲ್ಲದವನಿಗೇ ಚಾಕು ಮಾರುವ ವಿದ್ಯೆ ಕಲಿತರು. ಮನೆಯಲ್ಲಿ ಮೂವತ್ತು ಚಾಕು ಇರುವವನಿಗೆ ಮೂವತ್ತೊಂದನೆಯದು ಹೆಚ್ಚು ಹರಿತ ಅಂದರೆ ಆತ ಆಕಳಿಸುತ್ತಾನೆ. ಬೇರೆಯವರ ಹತ್ತಿರ ಇದಿಲ್ಲ ಅಂದರೆ ಎದ್ದು ಕೂರುತ್ತಾನೆ. ಒಂದು ಮಾದರಿಯ ಚಾಕುವನ್ನು ನೂರೇ ಮಾಡಿ ನಿಲ್ಲಿಸುವುದು ಅದಕ್ಕೇ. ನೂರಾ ಒಂದನೆಯದಕ್ಕೆ ಉಕ್ಕು ಸಿಗದೆ ಅಲ್ಲ. ಅಲ್ಲಿ ನಿಜವಾಗಿ ತಯಾರಾಗುವ ಮಾಲು ಕೊರತೆ; ಚಾಕು ಅದರ ಜೊತೆಗೆ ಬರುತ್ತದೆ.

ಇನ್ನೊಂದು ಲಾಭವೂ ಉಂಟು. ಸೀರೆ ಅಂಗಡಿಯವನು ಮೊದಲು ಎರಡು ಲಕ್ಷದ ರೇಷ್ಮೆ ಬಿಚ್ಚಿ ಹಾಸಿ, ಕೊನೆಗೆ ಇಪ್ಪತ್ತು ಸಾವಿರದ್ದನ್ನು ಕಟ್ಟಿಕೊಡುವ ಹಾಗೆ, ಲಕ್ಷದ ಚಾಕುವಿನ ಪಕ್ಕ ಕೂತ ಹತ್ತು ಸಾವಿರದ ಚಾಕು ಮಿತವ್ಯಯದಂತೆ ಕಾಣುತ್ತದೆ. ಹೊಸ ಉಕ್ಕು, ಹೊಸ ಬಗೆಯ ಲಾಕು ಪರೀಕ್ಷಿಸುವುದಕ್ಕೂ ಈ ನೂರು ಚಾಕು ಒಳ್ಳೆಯ ನೆಪ. ಕೊಂಡವರಾರೂ ಬಳಸುವುದಿಲ್ಲವಾದ್ದರಿಂದ ಪರೀಕ್ಷೆಯಲ್ಲಿ ಯಾವತ್ತೂ ಪಾಸು. ಇಷ್ಟಾಗಿಯೂ ಒಂದು ಮಾತನ್ನು ನಗದೆ ಹೇಳಬೇಕು: ಕೈಯಲ್ಲಿ ಕಸುಬಿರುವ ಒಬ್ಬಿಬ್ಬರಾದರೂ ಇದರಿಂದ ಕೆಲಸದಲ್ಲಿ ಉಳಿದಿದ್ದಾರೆ. ನಲವತ್ತು ರೂಪಾಯಿಯ ಚಾಕುವಿಗೆ ಯಾರೂ ವಾರಗಟ್ಟಲೆ ಕುಲುಮೆ ಮುಂದೆ ಕೂರುವುದಿಲ್ಲ.

ಚಾಕುವಿನ ಮೇಲೆ ಕೊರೆದ 37/100 ಎಂಬ ಸಂಖ್ಯೆಯನ್ನು ಸಂಗ್ರಾಹಕರು ಬೆರಳಿಂದ ಸವರಿ ತೋರಿಸುತ್ತಾರೆ. ನಮ್ಮ ಯಲಹಂಕದಲ್ಲೇ 1984ರಿಂದ ರೈಲು ಗಾಲಿ ಕಾರ್ಖಾನೆ ಇದೆ. ವರ್ಷಕ್ಕೆ ಲಕ್ಷಕ್ಕೂ ಮೀರಿ ಉಕ್ಕಿನ ಗಾಲಿ ಎರಕ ಹೊಯ್ಯುತ್ತಾರೆ. ಪ್ರತಿ ಗಾಲಿಗೂ ಅದರದೇ ಸಂಖ್ಯೆ. ಆ ಲೆಕ್ಕಕ್ಕೆ ಪ್ರತಿಯೊಂದೂ ಲಿಮಿಟೆಡ್ ಎಡಿಷನ್ನೇ, ಅದೂ ಒಂದೇ ಒಂದು ಪ್ರತಿಯದು. ಗಾಲಿಗೆ ಏನಾದರೂ ಆದರೆ ಅದು ಯಾವಾಗ, ಯಾವ ಉಕ್ಕಿನಲ್ಲಿ ಆದದ್ದು ಎಂದು ಹುಡುಕಲು ಆ ಸಂಖ್ಯೆ ಬೇಕು. 37/100ರ ಜಾಡು ಹಿಡಿದು ಹೊರಟರೆ ಸಿಗುವುದು ಕೊಂಡವನ ಕ್ರೆಡಿಟ್ ಕಾರ್ಡ್ ಮಾತ್ರ.

‘ಇದು ಹೂಡಿಕೆ ಸಾರ್’ ಎನ್ನುವವರಿಗೆ ನಮ್ಮವರದೇ ಉದಾಹರಣೆ ಇದೆ. ವಿಜಯ್ ಮಲ್ಯ 2003ರಲ್ಲಿ ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನ ಕತ್ತಿಯೊಂದನ್ನು ಕೋಟಿಗೂ ಮಿಕ್ಕ ದುಡ್ಡು ಕೊಟ್ಟು ಕೊಂಡರು. ಕೆಲವು ವರ್ಷದ ಮೇಲೆ ಅದು ಮನೆಗೆ ಒಳ್ಳೆಯದು ಮಾಡುತ್ತಿಲ್ಲವೆಂದು ಯಾರಿಗೋ ಕೊಟ್ಟುಬಿಟ್ಟರಂತೆ. ಸಾಲ ಕೊಟ್ಟವರು ಆಸ್ತಿಯ ಲೆಕ್ಕ ಕೇಳಿದಾಗ, 2018ರಲ್ಲಿ, ಲಂಡನ್ನಿನ ನ್ಯಾಯಾಲಯದಲ್ಲಿ ಹೊರಬಿದ್ದ ಸಂಗತಿ ಇದು.

ಅಲಂಕಾರದ ಕತ್ತಿಯೇ ತಪ್ಪು ಅಂತಲ್ಲ. ಕೊಡವರ ಪೀಚೆಕತ್ತಿಗೆ ಬೆಳ್ಳಿ ಬಂಗಾರದ ಕೆಲಸ ಇರುತ್ತದೆ, ಆದರೆ ಅದು ಸೊಂಟಕ್ಕೆ ಬರುತ್ತದೆ, ಮದುವೆಗೆ ಬರುತ್ತದೆ. ಅದರ ಜೊತೆಗಾರ ಒಡಿಕತ್ತಿ ಅದೇ ಮದುವೆಯಲ್ಲಿ ಬಾಳೆದಿಂಡನ್ನು ಒಂದೇ ಏಟಿಗೆ ಉರುಳಿಸುತ್ತದೆ. ಮಖಮಲ್ಲಿನ ಮೇಲೆ ಮಲಗುವ ಚಾಕುವನ್ನು ಯಾರ ಮದುವೆಗೂ ಕರೆಯುವುದಿಲ್ಲ.

ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಈ ಕಥೆಯನ್ನು ಎರಡೂ ತುದಿಯಿಂದ ಹಿಡಿದಿದೆ. 1884ರ ಕಂಪನಿ. ಪುಟ್ಟ ಕೆಂಪು ಚಾಕುವಿನಿಂದ ಹೆಸರು ಮಾಡಿ, ಈಗ ಡಮಾಸ್ಕಸ್ ಅಲಗಿನ ಸೀಮಿತ ಪ್ರತಿಗಳನ್ನೂ ಹೊರತರುತ್ತದೆ. ಅದೇ ಕಂಪನಿ 2024ರಲ್ಲಿ, ಹಲವು ದೇಶಗಳಲ್ಲಿ ಚಾಕುವಿನ ಕಾನೂನು ಬಿಗಿಯಾಗುತ್ತಿದೆಯೆಂದು, ಅಲಗೇ ಇಲ್ಲದ ಜೇಬಿನ ಸಲಕರಣೆ ತಯಾರಿಸುತ್ತಿದ್ದೇವೆ ಅಂದಿತು. ಅಲಗಿದ್ದೂ ಕೊಯ್ಯದ್ದು ಒಂದು ಕಪಾಟಿನಲ್ಲಿ, ಅಲಗೇ ಇಲ್ಲದ್ದು ಇನ್ನೊಂದರಲ್ಲಿ. ನಡುವೆ ಈರುಳ್ಳಿ ಹೆಚ್ಚುವವರು ತಮ್ಮ ಪಾಡು ತಾವು ನೋಡಿಕೊಳ್ಳಬೇಕು.

ಪುಟ್ಟೇನಹಳ್ಳಿಯವರಿಗೆ ಈ ವ್ಯಾಪಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. ತೋರಿಸುವುದಕ್ಕೆಂದೇ ತಂದ ಮಾಲು ಎರಡು ವರ್ಷಕ್ಕೊಮ್ಮೆ ನಮ್ಮ ತಲೆಯ ಮೇಲೇ ಹಾರುತ್ತದೆ. 2025ರ ಫೆಬ್ರುವರಿ 10ರಿಂದ 14ರವರೆಗೆ ಯಲಹಂಕ ವಾಯುನೆಲೆಯಲ್ಲಿ ನಡೆದ ಏರೋ ಇಂಡಿಯಾಕ್ಕೆ ಅಮೆರಿಕದ ಎಫ್-35, ರಷ್ಯಾದ ಸು-57 ಎರಡೂ ಬಂದಿದ್ದವು. ಟೆರೇಸಿನ ಮೇಲೆ ನಿಂತು ಕತ್ತೆತ್ತಿ ನೋಡಿದೆವು, ಕಿಟಕಿ ಗಾಜು ನಡುಗಿತು, ಖುಷಿಯೂ ಆಯಿತು. ವಿಮಾನಕ್ಕೆ ಹದ್ದು ಬಡಿಯಬಾರದು, ಹದ್ದನ್ನು ಕರೆಯುವ ಮಾಂಸದ ತ್ಯಾಜ್ಯ ಬೀದಿಯಲ್ಲಿ ಬೀಳಬಾರದು. ಅದಕ್ಕಾಗಿ ವಾಯುನೆಲೆಯ ಸುತ್ತ 13 ಕಿಲೋಮೀಟರಿನೊಳಗೆ ಮಾಂಸ, ಮೀನು ಮಾರಬಾರದೆಂದು ಬಿಬಿಎಂಪಿ ಆದೇಶಿಸಿತು. ಜನವರಿ 23ರಿಂದ ಫೆಬ್ರುವರಿ 17ರವರೆಗೆ. ಐದು ದಿನದ ಪ್ರದರ್ಶನ, 26 ದಿನದ ನಿಷೇಧ. ಅಷ್ಟೂ ದಿನ ಈ ಸುತ್ತಿನಲ್ಲಿ ನಿಜವಾಗಿ ಕೊಯ್ದು ಹೊಟ್ಟೆ ಹೊರೆಯುವ ಕತ್ತಿಗಳು ಮುಚ್ಚಿದ ಷಟರಿನ ಹಿಂದೆ ಮಲಗಿದ್ದವು. ಕಪಾಟಿನ ಕತ್ತಿಗಳಿಗೆ ಯಾವ ಆದೇಶವೂ ಬೇಕಾಗಲಿಲ್ಲ, ಅವು ವರ್ಷವಿಡೀ ಸಸ್ಯಾಹಾರಿಗಳು.

ಎರಡು ವರ್ಷದ ಲೆಕ್ಕ ಹಿಡಿದರೆ ಮುಂದಿನ ಪ್ರದರ್ಶನ 2027ಕ್ಕೆ. ಯಲಹಂಕ ಸುತ್ತಿನವರು ಮಟನ್ನನ್ನು ಜನವರಿ ಮೂರನೇ ವಾರದೊಳಗೇ ತಂದು ಫ್ರಿಜ್ಜಿಗೆ ಹಾಕಿಕೊಳ್ಳಿ.